ಒಡೆಯನಿಲ್ಲದ ಕೇಂದ್ರ ಮತ್ತು ಮುರಿಗೆಪ್ಪನ ದವಡೆ

ದಾವಣಗೆರೆಯಲ್ಲಿ ಆಗ ಬಡಾವಣೆಗೊಂದು ಬ್ಲಾಕ್‌ಚೈನು, ಅಂದರೆ ಎಲ್ಲರೂ ಸೇರಿ ಇಡುವ ಡಿಜಿಟಲ್ ಲೆಕ್ಕದ ಪುಸ್ತಕ; ಅದಕ್ಕೊಂದು ನಾಣ್ಯ. ಎಲ್ಲ ಚೈನುಗಳ ನಡುವೆ ನಾಣ್ಯ ಬದಲಿಸುವ, ಒಡೆಯನಿಲ್ಲದೆ ಕೋಡೇ ನಡೆಸುವ ವಿನಿಮಯ ಕೇಂದ್ರ ಕಟ್ಟಿ ಹೆಸರು ಮಾಡಿದವನು ಮುರಿಗೆಪ್ಪ.

ಒಂದು ಬೆಳಿಗ್ಗೆ ಅವನು ಊದಿದ ದವಡೆ ಹಿಡಿದುಕೊಂಡು ಪಕ್ಕದ ಬಡಾವಣೆಯ ದಂತವೈದ್ಯೆ ಫರ್ಹತ್ ಬಳಿ ಹೋದ. ಶುಲ್ಕ ಅವನ ಚೈನಿನಿಂದ ಹೊರಟಿತು, ಅವಳ ಚೈನಿಗೆ ತಲುಪದೆ ನಡುವೆ ಕೇಂದ್ರದಲ್ಲೇ ಸಿಕ್ಕಿಕೊಂಡಿತು.

“ನಿಮ್ಮದೇ ಕೇಂದ್ರ ಅಲ್ವಾ? ಯಾರಿಗಾದ್ರೂ ಫೋನ್ ಮಾಡ್ರಿ,” ಎಂದಳು ಫರ್ಹತ್.

“ಫೋನ್ ಎತ್ತೋಕೆ ಯಾರೂ ಇಲ್ಲ ಡಾಕ್ಟ್ರೇ, ಅದೇ ಅದರ ದೊಡ್ಡತನ,” ಎಂದು ಮುರಿಗೆಪ್ಪ ನರಳಿದ. “ಕೇಂದ್ರದ ಸದಸ್ಯರಲ್ಲಿ ಹೆಚ್ಚಿನವರು ಮತ ಹಾಕಿದ್ರೆ ದುಡ್ಡು ಬಿಡುಗಡೆ ಆಗುತ್ತೆ.”

ಹನ್ನೊಂದು ಸಾವಿರ ಸದಸ್ಯರಲ್ಲಿ ನಾಲ್ವರಷ್ಟೇ ಮತ ಹಾಕಿದರು. ಇನ್ನಿಬ್ಬರು, ನೋವು ನಿಜವೆಂಬುದಕ್ಕೆ ಪುರಾವೆ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಅವನ ಕಣ್ಣಲ್ಲಿ ನೀರು ಬಂತು.

ಫರ್ಹತ್‌ಗೆ ಕನಿಕರವಾಯಿತು. “ಬನ್ನಿ, ಹಲ್ಲು ಕೀಳ್ತೀನಿ. ದುಡ್ಡು ಬಂದಾಗ ಕೊಡಿ. ನಿಮ್ಮ ಮೇಲೆ ನಂಬಿಕೆ ಇದೆ.”

ಮುರಿಗೆಪ್ಪ ಬೆಚ್ಚಿಬಿದ್ದ. “ನಂಬಿಕೆನಾ? ಅದನ್ನ ಜಗತ್ತಿಂದ ತೆಗೆದುಹಾಕೋಕೇ ನಾನು ಐದು ವರ್ಷ ಕೋಡ್ ಬರೆದಿದ್ದು!”

“ಹಂಗಾದ್ರೆ ಬಾಯೊಳಗೆ ಇಕ್ಕಳ ಹಾಕೋಕೆ ನನ್ನನ್ನ ಹೆಂಗೆ ಬಿಡ್ತೀರಿ?”

ಅವನು ಅವಳ ಮುಖ ನೋಡಿದ, ಇಕ್ಕಳ ನೋಡಿದ. ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಬಾಯಿ ತೆರೆದ.

ಹಲ್ಲು ಎರಡೇ ನಿಮಿಷದಲ್ಲಿ ಕಿತ್ತು ಬಂತು; ಶುಲ್ಕ ಇನ್ನೂ ಬಂದಿರಲಿಲ್ಲ.