ಅಜ್ಜಿಯ ಪಾಲಿನ ಭೂಮಿ

"ಅಜ್ಜಿನಾ? ಸ್ನಾನಕ್ಕೆ ಹೋದ್ರಲ್ಲ, ನರ್ಸಮ್ಮನ ಮನೆಗೆ," ಎಂದಳು ಬಟ್ಟೆ ಹೊಲಿಯುತ್ತಿದ್ದ ಹೆಂಗಸು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ನಿಲ್ಲಮ್ಮ, ನಿನ್ನ ಕೋಟಿನ ಗುಂಡಿ ಬೀಳೋ ಹಾಗಿದೆ!"

ನಿಲ್ಲುವುದಕ್ಕೆ ಪುರುಸೊತ್ತೆಲ್ಲಿ? ಸಮೀಕ್ಷೆಯ ಹುಡುಗಿ ಆ ಮಹಡಿಯ ಓಣಿ ದಾಟಿ ಎದುರು ಮನೆಗೆ ಓಡಿದಳು. "ಸ್ನಾನ ಆಯ್ತು, ಊಟಕ್ಕೆ ಹೋದ್ರು," ಎಂದು ನರ್ಸಮ್ಮ ಮೂಲೆ ಮನೆ ತೋರಿಸಿದಳು. ಮೂಲೆ ಮನೆಯ ನಿವೃತ್ತ ಬಸ್ ಡ್ರೈವರು ಪಾತ್ರೆ ತೊಳೆಯುತ್ತಿದ್ದ. "ಈಗಷ್ಟೇ ಎದ್ದು ಹೋದ್ರು ಮಗಳೇ, ಟೀವಿ ನೋಡೋ ಹೊತ್ತಲ್ವಾ!" ಎಂದು, ಏದುಸಿರು ಬಿಡುತ್ತಿದ್ದವಳ ಕೈಗೊಂದು ಬಾಳೆಹಣ್ಣು ಕೊಟ್ಟ. ಟೀವಿ ಇದ್ದದ್ದು ಮೊದಲು ಬಾಗಿಲು ತಟ್ಟಿದ ಮನೆಯಲ್ಲೇ. ವಾಪಸು ಬಂದು ನೋಡಿದರೆ ಅಜ್ಜಿ ಅಲ್ಲಿ ಕಾಲು ಚಾಚಿ ಕೂತುಬಿಟ್ಟಿದ್ದಳು.

ಊರು ದಿನೇ ದಿನೇ ಬೆಳೆಯುತ್ತಿತ್ತು. ಒಂದೊಂದು ಮನೆಯನ್ನೂ ಸಾಕುವುದಕ್ಕೆ, ಅದರ ಕಸ, ಹೊಗೆ ನುಂಗುವುದಕ್ಕೆ ಎಷ್ಟು ಹೊಲ, ಎಷ್ಟು ಕಾಡು ಬೇಕೆಂದು ಲೆಕ್ಕ ಹಾಕುವುದು ಹುಡುಗಿಯ ಕೆಲಸ. ಅಜ್ಜಿಯ ಮನೆಯ ಲೆಕ್ಕ ಹೆಚ್ಚುಕಡಿಮೆ ಸೊನ್ನೆ ಬಂದಿತ್ತು. ಆಫೀಸಿನ ಸಾಹೇಬರು ಕುಣಿದಾಡಿದ್ದರು. "ಭೂಮಿಗೆ ಭಾರವೇ ಆಗದ ಅಜ್ಜಿ! ನಿನ್ನ ಕೆಲಸ ಖಾಯಂ ಆಯ್ತು ಅಂತಲೇ ತಿಳ್ಕೋ." ಈಗ ಅವರು ಹೂಗುಚ್ಛ ಹಿಡಿದು, ಫೋಟೋದವನನ್ನು ಕಟ್ಟಿಕೊಂಡು ದಾರಿಯಲ್ಲಿದ್ದರು.

"ಅಜ್ಜಿ, ನೀವು ಗ್ಯಾಸು, ಕರೆಂಟು ಎಲ್ಲಾ ಹೇಗೆ ಉಳಿಸ್ತೀರಿ?"

"ಉಳಿಸೋದೇನು ಬಂತು! ನನ್ನ ಮನೇಲಿ ನಾನು ಮಲಗೋದು ಮಾತ್ರ. ಉಳಿದಿದ್ದೆಲ್ಲಾ ಇವರ ಮನೆಗಳಲ್ಲಿ."

ಅಜ್ಜಿಯ ಸೊನ್ನೆ ಅಕ್ಕಪಕ್ಕದವರ ಲೆಕ್ಕದಲ್ಲಿ ಅಡಗಿ ಕೂತಿತ್ತು! ಕೆಲಸ ಹೋದ ಹಾಗೇ ಎಂದುಕೊಂಡು ಹುಡುಗಿ ನೆಲದ ಮೇಲೆ ಕೂತುಬಿಟ್ಟಳು. ಸಿಕ್ಕಿದ್ದೇ ಸಂದು ಎಂದು ಹೊಲಿಗೆಯವಳು ಸೂಜಿ ದಾರ ತಂದು ಗುಂಡಿ ಹೊಲಿಯಲು ಕೂತಳು. ಹುಡುಗಿ ಇಡೀ ಮಹಡಿಯ ಲೆಕ್ಕ ಕೂಡಿದಳು. ಅಜ್ಜಿಯ ಪಾಲೂ ಸೇರಿ ಊದಿಕೊಂಡಿರಬೇಕಿತ್ತು. ಕೆಳಗಿನ ಮಹಡಿಯ ಲೆಕ್ಕದ ಅರ್ಧವೂ ಇರಲಿಲ್ಲ.

"ಇಲ್ಲಿ ಫ್ರಿಜ್ಜು ಯಾರ ಮನೇಲಿದೆ?"

"ಡ್ರೈವರ್ ಮಾವನ ಮನೇಲಿ."

"ಎಲ್ಲರಿಗೂ ಅದೊಂದೇನಾ? ಬಟ್ಟೆ ಒಗೆಯೋ ಮಿಷನ್ನು?"

"ನಮ್ಮನೇದೊಂದೇ. ನೀರು ಕಾಯಿಸೋದು ನರ್ಸಮ್ಮ. ಅಲ್ಲಾಡಬೇಡ, ಸೂಜಿ ಚುಚ್ಚುತ್ತೆ!"

ಅಲ್ಲಾಡದೆ ಇರುವುದು ಹೇಗೆ? ಹುಡುಗಿಗೆ ನಗು ಉಕ್ಕುಕ್ಕಿ ಬರುತ್ತಿತ್ತು. ಯಾಕೆಂದು ತಿಳಿಯದಿದ್ದರೂ ಅಜ್ಜಿಯೂ ನಕ್ಕಳು.

ಅಷ್ಟರಲ್ಲಿ ಲಿಫ್ಟಿನಿಂದ ಸಾಹೇಬರು ಇಳಿದರು. "ಎಲ್ಲಮ್ಮಾ ಅಜ್ಜಿ ಮನೆ?"

ಹುಡುಗಿ ಓಣಿಯ ಈ ತುದಿಯಿಂದ ಆ ತುದಿಗೆ ಕೈ ಬೀಸಿದಳು. "ಇಷ್ಟೂ ಸರ್!"

ಎಲ್ಲ ಕೇಳಿ ಸಾಹೇಬರು ತಲೆ ಕೆರೆದುಕೊಂಡರು. "ಹಾಗಾದ್ರೆ ಒಂದೊಂದೇ ಮನೆ ಅಂತ ನಾವು ಅಳೆದದ್ದೇ ತಪ್ಪು. ಊರನ್ನೆಲ್ಲಾ ಹೊಸದಾಗಿ ಅಳೀಬೇಕಲ್ಲೇ!"

"ಯಾರು ಸರ್?"

"ಇನ್ಯಾರು? ಗಂಟು ಬಿಚ್ಚಿದವಳು ನೀನು, ನೀನೇ ಅಳೀಬೇಕು. ಖಾಯಮ್ಮಾಗಿ!" ಎಂದು ನಕ್ಕರು. ಯಾರಿಗೆ ಕೊಡಬೇಕೆಂದು ತಿಳಿಯದೆ ಹಿಡಿದೇ ಇದ್ದ ಹೂವನ್ನು, ಗದ್ದಲ ಕೇಳಿ ಬಂದ ಡ್ರೈವರು ತಾನೇ ಇಸಿದುಕೊಂಡು ಫ್ರಿಜ್ಜಿನಲ್ಲಿಟ್ಟ.

ಹುಡುಗಿ ಹೊರಟಾಗ ಅಜ್ಜಿ ಕೈ ಹಿಡಿದು ಕೇಳಿದಳು. "ನಿನಗೆಷ್ಟು ಭೂಮಿ ಬೇಕು ಅಂತ ಬಂತು ಮಗಳೇ?"

ಒಂಟಿ ಕೋಣೆ, ಅದರೊಳಗೆ ಫ್ರಿಜ್ಜು, ಮಿಷನ್ನು, ಟೀವಿ ಎಲ್ಲವೂ ಇದ್ದ ಹುಡುಗಿ ಅಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದಳು.

"ಅಯ್ಯೋ, ಅಷ್ಟೊಂದಾ! ಅಷ್ಟು ಜಾಗದಲ್ಲಿ ಒಬ್ಬಳೇ ಓಡಾಡಿ ಕಾಲು ನೋಯಲ್ವೇನೇ?"

ಮುಂದಿನ ಭಾನುವಾರ ಆ ಓಣಿಯ ಹಗ್ಗದ ಮೇಲೆ, ಡ್ರೈವರ್ ಮಾವನ ಪ್ಯಾಂಟಿಗೂ ಅಜ್ಜಿಯ ಸ್ವೆಟರಿಗೂ ನಡುವೆ, ಸಮೀಕ್ಷೆಯ ಕೋಟೊಂದು ನೀರು ತೊಟ್ಟಿಕ್ಕಿಸುತ್ತಾ ಗಾಳಿಗೆ ತೋಳು ಬೀಸುತ್ತಿತ್ತು.