ನೀರಿಗೆಂದು ಇಳಿದವಳು

ಮೊದಲನೆಯ ಭಾನುವಾರ ಅಪ್ಪ, ಮಗಳು ಸೇತುವೆಯ ಪಕ್ಕದ ಹಳೆಯ ರೈಲು ನಿಲ್ದಾಣವನ್ನು ನೋಡಿದರು. ಎರಡನೆಯ ಭಾನುವಾರ ಸುಣ್ಣದ ಗೂಡುಗಳ ಬಳಿಯದನ್ನು. ಮೂರನೆಯ ಭಾನುವಾರ, ಈಗ ಕುರಿದೊಡ್ಡಿಯಾಗಿರುವುದನ್ನು. ಮೂರರಲ್ಲೂ ಹಳಿ ಕಿತ್ತಿದ್ದರು. ಮೂರರಲ್ಲೂ ಅಪ್ಪ, “ನಿಮ್ಮಮ್ಮ ಇಳಿದದ್ದು ಇಲ್ಲೇ ಇರಬೇಕು ಮಗಳೇ,” ಎಂದರು.

ಮಗಳು ನಂಬಲಿಲ್ಲ. ಆಕೆ ಸರ್ವೆ ಇಲಾಖೆಯವಳು. ಅಳೆಯದೆ ಏನನ್ನೂ ಒಪ್ಪುವವಳಲ್ಲ. ಅಮ್ಮನದೆಂದು ಉಳಿದಿದ್ದುದು ಒಂದೇ ನೆನಪು. ನಾಲ್ಕು ವರ್ಷದ ತಾನು ಕಿಟಕಿಯ ಕಂಬಿ ಹಿಡಿದು ಕುಳಿತಿದ್ದಳು. “ನೀರು ತರ್ತೀನಿ, ಅಪ್ಪನ್ನ ಎಬ್ಬಿಸಬೇಡ,” ಎಂದು ಅಮ್ಮ ಇಳಿದಳು. ಮುಂದುಗಡೆ ತಮ್ಮದೇ ಗಾಡಿಯ ಎಂಜಿನ್ ಹೊಗೆಯುಗುಳುತ್ತಿತ್ತು. ಗಾಡಿ ಹೊರಟಿತು. ಅಮ್ಮ ಮತ್ತೆ ಸಿಗಲಿಲ್ಲ.

ಕುಳಿತಲ್ಲಿಂದಲೇ ಎಂಜಿನ್ ಕಾಣಬೇಕಾದರೆ ಹಳಿ ಬಾಗಿರಲೇಬೇಕು. ನೋಡಿದ ಮೂರೂ ಪ್ಲಾಟ್‌ಫಾರ್ಮ್‌ಗಳು ನೂಲು ಹಿಡಿದಂತೆ ನೇರ. ಅಮ್ಮನ ತವರಿನ ಮಾತನ್ನೇ ಮನೆಯಲ್ಲಿ ಎತ್ತಗೊಡದ ಅಪ್ಪ, ಬೇಕೆಂದೇ ದಾರಿ ತಪ್ಪಿಸುತ್ತಿದ್ದರೆ? ಅಂದು ನಿಜವಾಗಿ ನಿದ್ರಿಸಿದ್ದರೇ?

ಆ ಮಾರ್ಗದಲ್ಲಿ ತಿರುವಿನ ಮೇಲಿದ್ದದ್ದು ಒಂದೇ ನಿಲ್ದಾಣ.

“ಅಲ್ಲಿಗೆ ಬೇಡ. ನಾನು ಆ ಸ್ಟೇಷನ್ ನೋಡೇ ಇಲ್ಲ. ಅಲ್ಲೇನಿದೆ, ಮಣ್ಣು?”

“ನೋಡದೇ ಇರೋ ಜಾಗದ ಮೇಲೆ ಇಷ್ಟು ಮುನಿಸಾ ಅಪ್ಪಾ?”

ನಾಲ್ಕನೆಯ ಭಾನುವಾರ ಅಲ್ಲಿಗೇ ಹೋದರು. ಚಾವಣಿ ಹಾರಿಹೋಗಿತ್ತು. ಟಿಕೆಟ್ ಕಿಂಡಿಯಲ್ಲಿ ಹುಲ್ಲು ಬೆಳೆದಿತ್ತು. ಮಗಳು ಪ್ಲಾಟ್‌ಫಾರ್ಮಿನ ಅಂಚಿನ ಕಲ್ಲುಗಳ ಮೇಲೆ ದಾರ ಎಳೆದಳು. ನಡುವೆ ದಾರ ಕಲ್ಲನ್ನು ಬಿಟ್ಟು ದೂರ ಸರಿಯಿತು.

“ಇಲ್ಲೇ. ಚೈನ್ ಯಾಕೆ ಎಳೀಲಿಲ್ಲ ನೀವು?”

“ನಿದ್ದೆ ಬಂದಿತ್ತು.”

ಗೇಟ್‌ಮನ್‌ನ ಹಳೆಯ ಮನೆಯಿಂದ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ಅಪ್ಪನನ್ನು ಕಣ್ಣು ಕಿರಿದಾಗಿಸಿ ನೋಡಿದಳು.

“ಅಯ್ಯೋ, ನಮ್ಮ ಸ್ಟೇಷನ್ ಮಾಸ್ಟರ ಅಳಿಯಂದ್ರಲ್ವಾ! ಕೂದಲು ಹೋದ್ರೂ ಮೂಗು ಎಲ್ಲಿಗೂ ಹೋಗಿಲ್ಲ ನೋಡಿ. ಇವಳು ಮಗಳಾ? ನಿಮ್ಮಮ್ಮ ಹುಟ್ಟಿ ಬೆಳೆದದ್ದೆಲ್ಲ ಈ ಕ್ವಾರ್ಟರ್ಸ್‌ನಲ್ಲೇ ಕಣಮ್ಮ. ಮಾಸ್ಟರು ತೀರಿಕೊಂಡ ಮೇಲೆ ಅವಳ ಮುಖವನ್ನೇ ನೋಡಲಿಲ್ಲ ನಾನು. ಚೆನ್ನಾಗಿದ್ದಾಳಾ?”

ಅಪ್ಪ ಮುಖ ತಿರುಗಿಸಿದರು.

“ಈ ಸ್ಟೇಷನ್ ನೋಡೇ ಇಲ್ಲ ಅಂದ್ರಲ್ಲ!” ಮಗಳು ಅವರ ಎದುರಿಗೆ ಬಂದು ನಿಂತಳು. ಸುಳ್ಳು ರುಜುವಾತಾಗಿತ್ತು. ಅಮ್ಮ ಎಷ್ಟು ದೂರ ನಡೆದಿದ್ದಳು, ಓಡಿಬಂದಿದ್ದರೆ ಗಾಡಿ ಸಿಗುತ್ತಿತ್ತೇ ಎಂಬುದೊಂದನ್ನು ಅಳೆಯುವುದು ಬಾಕಿಯಿತ್ತು. “ಅಜ್ಜಿ, ಇಲ್ಲಿ ನೀರಿನ ನಲ್ಲಿ ಎಲ್ಲಿತ್ತು?”

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು.

“ನಲ್ಲಿಯಾ? ಈ ಬಂಡೆ ಮೇಲಾ? ಬಾವಿ ತೋಡೋಕೆ ಬಂದವರು ಗುದ್ದಲಿ ಮುರ್ಕೊಂಡು ಹೋದ್ರು. ನಮ್ಮ ಮನೆಗಳಿಗೇ ವಾರಕ್ಕೊಂದು ಸಲ ಗೂಡ್ಸ್ ಗಾಡಿಯಲ್ಲಿ ನೀರು ಬರ್ತಿತ್ತು. ಗೊತ್ತಿಲ್ಲದ ಪ್ರಯಾಣಿಕರು ಬಾಟಲಿ ಹಿಡ್ಕೊಂಡು ಇಳಿಯೋರು. ‘ಇಲ್ಲಿ ನೀರಿಲ್ಲ, ಹತ್ತಿ ಹತ್ತಿ, ಗಾಡಿ ಹೊರಡುತ್ತೆ’ ಅಂತ ಗಂಟಲು ಹರಿಯೋ ಹಾಗೆ ಕೂಗ್ತಾ ಓಡಿಬರ್ತಿದ್ದೋಳೇ ನಿಮ್ಮಮ್ಮ, ಲಂಗ ಎತ್ತಿ ಕಟ್ಕೊಂಡು!”

ಮಗಳ ಕೈಯಿಂದ ದಾರ ಜಾರಿತು. ಆಕೆ ಅಪ್ಪನ ಕಡೆ ತಿರುಗಿದಳು.

“ನನಗೆ ನಿದ್ದೆ ಬಂದಿತ್ತು ಮಗಳೇ,” ಇಷ್ಟು ವರ್ಷ ಹೇಳಿದ್ದನ್ನೇ ಅಪ್ಪ ಮತ್ತೆ ಹೇಳಿದರು. “ತಪ್ಪು ನಂದೇ.”

ಅಮ್ಮನಿಗೆ ರೈಲು ತಪ್ಪಿರಲಿಲ್ಲ; ಅವಳೇ ಅದನ್ನು ಬಿಟ್ಟಿದ್ದಳು.