ಕಾಲಿಲ್ಲದ ಮೊಲ

“ಕಾಲು ಎಲ್ಲಿ?” ಎಂದಳು ಲೊರ್ನಾ.

ನೀಲಿ ಪ್ಲಾಸ್ಟಿಕ್ ಚೀಲದಲ್ಲಿದ್ದದ್ದು ಚರ್ಮ ಸುಲಿದ ಮಾಂಸ. ತಲೆ ಇರಲಿಲ್ಲ. ಪಾದಗಳೂ ಇರಲಿಲ್ಲ. ಬಾಗಿಲಲ್ಲಿ ನಿಂತ ದುಗ್ಗು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಅವನು ಅವಳ ಊರಿನವನೇ, ಇಲ್ಲಿ ಒಬ್ಬ ಕತಾರಿಯ ಮನೆಯಲ್ಲಿ ಡ್ರೈವರ್. ಚಳಿಗಾಲದಲ್ಲಿ ಯಜಮಾನರು ಮರುಭೂಮಿಯಲ್ಲಿ ಡೇರೆ ಹಾಕಿ, ಗಿಡುಗ ಬಿಟ್ಟು ಬೇಟೆಯಾಡುವಾಗ ಅವನೂ ಜೊತೆಗಿರುತ್ತಿದ್ದ.

“ತಲೆ, ಕಾಲು ಎಲ್ಲ ಗಿಡುಗಕ್ಕೆ ಹಾಕಿದ್ದು ಲೊರ್ನಕ್ಕ. ಹಿಡಿದದ್ದು ಅದೇ ಅಲ್ವಾ, ಅದಕ್ಕೂ ಪಾಲು ಬೇಡ್ವಾ?”

“ಇದು ಮೊಲ ಅಂತ ನಾನು ಹೇಗೆ ನಂಬುದು ಮಾರಾಯ?”

“ಮತ್ತೆಂಥ, ಒಂಟೆಯಾ?” ದುಗ್ಗು ನಕ್ಕ. “ಯಲ್ಲಾ, ಹೊರಟೆ ಅಕ್ಕ, ಗಾಡಿ ನೋ ಪಾರ್ಕಿಂಗ್‌ನಲ್ಲಿ ಉಂಟು.”

ಅಷ್ಟು ಹೇಳಿ ಅವನು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದುಬಿಟ್ಟ. ಅದೂ ಅವಳಿಗೆ ಸರಿ ಕಾಣಲಿಲ್ಲ.

ಊರಿನಲ್ಲಿ ಮೊಲ ತಂದುಕೊಡುವವರು ಒಂದು ಪಾದವನ್ನಾದರೂ ರೋಮದ ಸಮೇತ ಬಿಟ್ಟಿರುತ್ತಾರೆ. ಸುಲಿದ ಮೇಲೆ ಮೊಲ ಯಾವುದು, ಬೆಕ್ಕು ಯಾವುದು ಎಂದು ಹೇಳುವುದು ಕಷ್ಟ. ಆ ಪಾದವೇ ಸಾಕ್ಷಿ. ಲೊರ್ನಾ ಅಡುಗೆಮನೆಯ ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದಳು. ಅಲ್ ಮುಂತಜಾ ಬಡಾವಣೆಯ ಆ ಹಳೇ ಕಟ್ಟಡದ ಹಿಂದಿನ ಕಸದ ಡಬ್ಬಿಯ ಮೇಲೆ ಬೆಕ್ಕುಗಳು ಬಿಸಿಲು ಕಾಯಿಸುತ್ತಿದ್ದವು. ಎಲ್ಲವೂ ಇದ್ದವೇ ಎಂದರೆ, ಅವಳು ಯಾವತ್ತೂ ಎಣಿಸಿದವಳಲ್ಲ.

ಚೀಲವನ್ನು ಎಸೆದುಬಿಡಬಹುದಿತ್ತು. ಆದರೆ ಎಲೈಜಾ ಊಟಕ್ಕೆ ಬರುವವರಿದ್ದರು.

ಎಲೈಜಾ ಅವಳ ಗಂಡ ವಲೇರಿಯನ್‌ನ ಚಿಕ್ಕಪ್ಪ. ಅವನನ್ನು ಕತಾರಿಗೆ ಕರೆತಂದವರೂ ಅವರೇ. ಮದುವೆಯಾಗಿ ದೋಹಾಕ್ಕೆ ಬಂದಂದಿನಿಂದ ಲೊರ್ನಾ ಪ್ರತಿ ಶುಕ್ರವಾರ, ವಾರದ ರಜೆಯ ದಿನ, ಅವರಿಗೆ ಬಡಿಸಿದ್ದಾಳೆ. ಮೀನು, ಕೋಳಿ, ಪಾಯಸ, ಏನೇ ಇರಲಿ, ಕೈ ತೊಳೆಯುವಾಗ ಅವರು ಆಡುವ ಮಾತು ಒಂದೇ: “ಅಡ್ಡಿಯಿಲ್ಲ. ಅಮ್ಮನ ಕೈರುಚಿ ಮಾತ್ರ ಬೇರೆಯೇ.” ಈಗ ಅವರು ಕೆಲಸ ಮುಗಿಸಿ ಶಾಶ್ವತವಾಗಿ ಊರಿಗೆ ಹೊರಟಿದ್ದರು. ಕೊನೆಯ ಊಟಕ್ಕೆ ಏನು ಮಾಡಲಿ ಎಂದು ಕೇಳಿದ್ದಕ್ಕೆ, “ಕಾಡುಮೊಲ. ಅಮ್ಮ ಮಾಡ್ತಿದ್ದ ಹಾಗೆ” ಎಂದಿದ್ದರು.

‘ಅಮ್ಮನ ಹಾಗೆಯೇ ಆಗಿದೆ’ ಎಂದು ಒಂದು ಸಲ ಅವರ ಬಾಯಿಂದ ಬಂದರೆ ಸಾಕಿತ್ತು ಲೊರ್ನಾಳಿಗೆ. ಇನ್ನೊಂದು ಶುಕ್ರವಾರ ಇರಲಿಲ್ಲ.

ಅವಳು ಚಿಕ್ಕಪ್ಪನಿಗೆ ಫೋನ್ ಮಾಡಿದಳು. “ಬಾಪ್ಪು, ಅಮ್ಮ ಹೇಗೆ ಮಾಡ್ತಿದ್ದರು?”

“ಅದರಲ್ಲಿ ಮಾಡುದೆಂಥ ಉಂಟು? ಅಣ್ಣ ಗುಡ್ಡದಲ್ಲೇ ಎಲ್ಲ ಶುಚಿ ಮಾಡಿ, ಬಾಳೆಲೆಯಲ್ಲಿ ಕಟ್ಟಿ ತರ್ತಿದ್ದ. ಅಮ್ಮ ಬಫಾತ್ ಮಸಾಲೆ ಪುಡಿ ಹಾಕಿ ಒಲೆಗಿಡುದು. ಬಿಳಿ ಮಾಂಸ ಲೊರ್ನಾ! ಒಂದು ಕುದಿಗೆ ಬೇಯ್ತದೆ.”

ಅವಳು ಚೀಲ ಬಿಚ್ಚಿದಳು. ಮಾಂಸ ಕಡುಗೆಂಪಾಗಿತ್ತು. ಒಂದು ಕುದಿ ಬಂದಿತು, ಎರಡು ಬಂದವು. ತುಂಡು ಚಪ್ಪಲಿಯ ಅಟ್ಟೆಯಂತೆ ಕುಳಿತಿತ್ತು.

ಕಚೇರಿಯಿಂದ ಬಂದ ವಲೇರಿಯನ್ ಪಾತ್ರೆಗೆ ಇಣುಕಿದ. “ನನ್ನ ಅಪ್ಪ ಇದ್ದಿದ್ರೆ ನೋಡಿಯೇ ಹೇಳ್ತಿದ್ರು. ಕೋವಿ ಹಿಡ್ಕೊಂಡು ಹೋದ್ರೆ ಬರಿಗೈಯಲ್ಲಿ ಬಂದವರೇ ಅಲ್ಲ.”

“ನಿಮ್ಮ ಅಪ್ಪ ಇಲ್ವಲ್ಲ. ನೀವು ಹೇಳಿ.”

“ನಾನು ಅಕೌಂಟೆಂಟ್ ಮಾರಾಯ್ತಿ.”

ಲೊರ್ನಾ ಇನ್ನಷ್ಟು ಶುಂಠಿ, ವಿನೆಗರ್ ಹಾಕಿ ಉರಿ ತಗ್ಗಿಸಿ, ಜಪಸರ ಹಿಡಿದು ಒಲೆಯ ಪಕ್ಕ ಕುಳಿತಳು. ಮೇರಿ ಮಾತೆಯ ಹತ್ತಿರ ಅವಳು ಕೇಳಿಕೊಂಡದ್ದು ಎರಡು: ಇದು ಬೆಂದರೆ ಸಾಕು, ಇದು ಮೊಲವಾಗಿದ್ದರೆ ಸಾಕು.

ಮೊದಲನೆಯದು ಈಡೇರಿತು.

ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಎಲೈಜಾ ಮೇಜಿನ ಮುಂದೆ ಶಿಲುಬೆಯ ಗುರುತು ಮಾಡಿ, ಇಡ್ಲಿಯಂಥ ಸಾನ್ನಾಂ ಮುರಿದು, ಒಂದು ತುಂಡು ಬಾಯಿಗಿಟ್ಟರು. ಅಗಿದರು. ಕಣ್ಣು ಮುಚ್ಚಿ ಮತ್ತೆ ಅಗಿದರು. ಲೊರ್ನಾ ಸೌಟು ಹಿಡಿದೇ ನಿಂತಿದ್ದಳು.

“ಬೇಜಾರು ಮಾಡ್ಬೇಡ ಮಗಾ,” ಎಂದರು ಅವರು. “ಇದು ಮೊಲ ಅಲ್ಲ.”

ವಲೇರಿಯನ್ ತನ್ನ ಬಾಯಲ್ಲಿದ್ದದ್ದನ್ನು ಮೆಲ್ಲನೆ ಕರವಸ್ತ್ರಕ್ಕೆ ದಾಟಿಸಿದ.

ಲೊರ್ನಾ ದುಗ್ಗುವಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದಳು. “ಸತ್ಯ ಹೇಳು ದುಗ್ಗು. ನಮಗೆ ಎಂಥ ತಿನ್ನಿಸಿದ್ದಿ?”

“ಅಯ್ಯೋ ದೇವರೇ, ಲೊರ್ನಕ್ಕ! ಇರಿ, ವಾಟ್ಸಾಪ್ ನೋಡಿ.”

ವಿಡಿಯೋ ಬಂತು. ಮರಳು. ಗಿಡುಗ ಮೇಲಿನಿಂದ ಎರಗಿತು. ಅದರ ಉಗುರಿನಡಿ ಉದ್ದ ಕಿವಿಯ, ಮರಳಿನದೇ ಬಣ್ಣದ ಮೊಲ. ಬಳಿಕ ದುಗ್ಗುವಿನ ಕೈಯಲ್ಲಿ ಚಾಕು. ಚರ್ಮದಡಿಯಿಂದ ಹೊರಬಂದ ಕಡುಗೆಂಪು ಮಾಂಸ. ಗಿಡುಗದ ಪಾಲಿಗೆ ಬಿದ್ದ ಪಾದಗಳು. ಕೊನೆಗೆ ಅದೇ ನೀಲಿ ಚೀಲ.

“ಕಂಡಿತಾ?” ಫೋನಿನಲ್ಲಿ ದುಗ್ಗುವಿನ ದನಿ ಇನ್ನೂ ಬಿಗಿಯಾಗಿತ್ತು. “ನಮ್ಮ ಊರಿನದ್ದೂ ಹೀಗೇ ಕೆಂಪು, ಹೀಗೇ ಗಟ್ಟಿ. ಬಿಳಿ ಮಾಂಸದ ಕಾಡುಮೊಲ ನಾನಂತೂ ಹುಟ್ಟಿದಂದಿನಿಂದ ನೋಡಿಲ್ಲ. ಖಲಾಸ್?”

“ಖಲಾಸ್,” ಎಂದ ವಲೇರಿಯನ್. ಇನ್ನೊಂದು ತುಂಡು ಹಾಕಿಕೊಂಡ.

ಎಲೈಜಾ ಹಾಕಿಕೊಳ್ಳಲಿಲ್ಲ. ವಿಡಿಯೋವನ್ನು ಇನ್ನೊಮ್ಮೆ ನೋಡಿದರು. ಮಾಂಸದ ಬಣ್ಣ ಕಾಣುವಲ್ಲಿ ಬೆರಳಿಟ್ಟು ನಿಲ್ಲಿಸಿದರು. ಆಮೇಲೆ ಎದುರಿಗೆ ಎಲುಬು ಚೀಪುತ್ತ ಕುಳಿತಿದ್ದ ಅಣ್ಣನ ಮಗನ ಮುಖ ನೋಡಿದರು.

ಲೊರ್ನಾ ಸೌಟು ಕೆಳಗಿಟ್ಟಳು. “ಹಾಗಾದ್ರೆ ಇದು ಕೂಡ ಅಮ್ಮ ಮಾಡಿದ ಹಾಗೆ ಆಗ್ಲಿಲ್ಲ ಅಲ್ವಾ ಬಾಪ್ಪು?”

“ಆಗ್ಲಿಲ್ಲ. ದೇವರ ದಯೆ,” ಎಂದರು ಎಲೈಜಾ. “ಅಮ್ಮ ಎಷ್ಟು ಪ್ರೀತಿಯಿಂದ ಸಾಕಿದ್ರೂ, ನಮ್ಮ ಮನೆಯಲ್ಲಿ ಒಂದು ಬೆಕ್ಕೂ ಉಳೀತಿರಲಿಲ್ಲ.”